ಗೇಟಿನ ಬಳಿ ಹೇಳಿದ್ದು

ಫೆಬ್ರವರಿ 6

ಮಗಳೇ,

ಫೋನ್ ಮಾಡಿದರೆ ಕಟ್ ಮಾಡುತ್ತೀ. ಕಾಗದವನ್ನು ಹರಿದು ಹಾಕಬೇಕಾದರೂ ಒಮ್ಮೆ ಕೈಗೆ ತೆಗೆದುಕೊಳ್ಳಲೇಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲ ಕ್ಷೇಮ ಎಂದು ಶುರು ಮಾಡುವುದು ಅಭ್ಯಾಸ. ಈ ಸಲ ಆ ಸಾಲಿಗೆ ಕೈ ಬರಲಿಲ್ಲ.

ನೀನೂ ಅಳಿಯಂದಿರೂ ಪೆಟ್ಟಿಗೆ ಹಿಡಿದು ಹೊರಟ ದಿನ ಬಾಗಿಲಲ್ಲಿ ನಿಂತು ನೀನೊಂದು ಪ್ರಶ್ನೆ ಕೇಳಿದೆ. "ಅಪ್ಪ, ನೀನು ಇವರಿಗೆ ನಿಜವಾಗ್ಲೂ ಹೇಳಿದ್ಯಾ?" ಆಗ ನಾನು ನಿನ್ನ ಮುಖ ನೋಡುತ್ತಾ ನಿಂತೆನೇ ಹೊರತು ಬಾಯಿ ಬಿಡಲಿಲ್ಲ. ಈಗ ಹೇಳುತ್ತೇನೆ. ಹೇಳಿದ್ದೆ.

ನೀನು ಔಷಧಿ ಅಂಗಡಿಯವಳು, ಎಂಜಿನ್ ಕೆಲಸ ನೋಡಿದವಳಲ್ಲ. ಬಿಡಿಸಿ ಬರೆಯುತ್ತೇನೆ, ಮತ್ತೆ ತಲೆ ಕೊರೆಯುತ್ತಾನೆ ಎಂದು ಗೊಣಗಬೇಡ. ಅಂದು ಬೆಳಗಿನ ಪಾಳಿಯಲ್ಲಿ ನನ್ನ ಕೆಲಸ ವಿಮಾನದ ಎರಡೂ ಎಂಜಿನ್‌ಗಳಿಗೆ ಆಯಿಲ್ ಹಾಕಿ ಮುಚ್ಚಳ ಹಾಕುವುದು. ಎಡಗಡೆಯದು ಮುಗಿಯಿತು. ಬಲಗಡೆಯದಕ್ಕೆ ಸ್ಟೋರಿನಿಂದ ಆಯಿಲ್ ಡಬ್ಬ ಬರಲೇ ಇಲ್ಲ. ಪಾಳಿ ಮುಗಿಯುತ್ತಾ ಬಂದಿತ್ತು, ಮಳೆ ಹನಿಯಲು ಶುರುವಾಗಿತ್ತು. ಎಂಜಿನ್ ನೆನೆಯುವುದು ಬೇಡ ಎಂದು ಮುಚ್ಚಳ ಇಳಿಸಿದೆ, ಆದರೆ ಅದನ್ನು ಬಿಗಿಹಿಡಿಯುವ ಲ್ಯಾಚ್ ಹಾಕಲಿಲ್ಲ. ಹೇಗೂ ಮುಂದಿನ ಪಾಳಿಯವರು ತೆರೆದು ಆಯಿಲ್ ಹಾಕಬೇಕಲ್ಲ. ಹಾಗೆ ಇಳಿಸಿಟ್ಟ ಮುಚ್ಚಳ ನೋಡುವವರಿಗೆ ಭದ್ರವಾಗಿ ಮುಚ್ಚಿದ ಹಾಗೆಯೇ ಕಾಣುತ್ತದೆ. ಲ್ಯಾಚ್‌ಗಳಿರುವುದು ಎಂಜಿನ್ನಿನ ಹೊಟ್ಟೆಯ ಕೆಳಗೆ. ನೆಲದ ಮೇಲೆ ಅಂಗಾತ ಮಲಗಿ ಕತ್ತೆತ್ತಿದರೆ ಮಾತ್ರ ಗೊತ್ತಾಗುತ್ತದೆ. ನೆಲ ಒದ್ದೆಯಾಗಿತ್ತು. ಯಾರೂ ಮಲಗಲಿಲ್ಲ.

ಹೀಗೆ ಅರ್ಧಕ್ಕೆ ಬಿಟ್ಟಾಗ ಒಂದು ಕೆಂಪು ಪಟ್ಟಿ ನೇತುಹಾಕಬೇಕು. ನಾನು ಹಾಕಲಿಲ್ಲ. ಮುಂದಿನ ಪಾಳಿಗೆ ಬರುವವರು ಬೇರೆ ಯಾರಾದರೂ ಆಗಿದ್ದರೆ ಖಂಡಿತ ಹಾಕುತ್ತಿದ್ದೆ. ಬರುವವರು ನಮ್ಮ ಮನೆಯವರೇ, ಅಳಿಯಂದಿರು. ಅವರು ಸ್ಕೂಟರಿನಲ್ಲಿ ಗೇಟಿಗೆ ಬಂದು ಕೀ ನನ್ನ ಕೈಗಿಡುವುದು, ನಾನು ಕೀ ತೆಗೆದುಕೊಂಡು ಆ ದಿನದ ಕೆಲಸ ಒಪ್ಪಿಸುವುದು, ಇದು ನಿನ್ನ ಮದುವೆಯಾದಾಗಿನಿಂದ ನಡೆದು ಬಂದದ್ದು. ಪಟ್ಟಿ ಹೊರಗಿನವರಿಗೆ, ಮನೆಯವರಿಗೆ ಬಾಯಿಮಾತು ಸಾಕು ಅಂದುಕೊಂಡಿದ್ದೆ.

"ಎಡಗಡೆ ಆಯ್ತು. ಬಲಗಡೆ ಆಯಿಲ್ ಹಾಕ್ಬೇಕು, ಮುಚ್ಚಳ ಬರೀ ಇಳಿಸಿದೀನಿ, ಲ್ಯಾಚ್ ಹಾಕಿಲ್ಲ" ಅಂದೆ. "ಹೂಂ ಮಾವ" ಅಂದರು. ಆಮೇಲೆ ಎರಡೂ ಮುಚ್ಚಿದೆ ಎಂದು ಸಹಿ ಹಾಕಿ ವಿಮಾನವನ್ನು ಹಾರಲು ಬಿಟ್ಟುಕೊಟ್ಟವರು ಅವರು. ಮುಂದಿನದು ಇಡೀ ಊರಿಗೆ ಗೊತ್ತು. ನೆಲ ಬಿಟ್ಟ ಕೂಡಲೇ ಮುಚ್ಚಳ ಕಿತ್ತು ರೆಕ್ಕೆಗೆ ಬಡಿಯಿತು, ಬೆಂಕಿ ಹತ್ತಿತು, ಪೈಲಟ್ ಹೇಗೋ ತಿರುಗಿಸಿ ಇಳಿಸಿದ. ಪ್ರಯಾಣಿಕರೆಲ್ಲ ಇಳಿದರು. ಎಲ್ಲರನ್ನೂ ಇಳಿಸಿ ಕೊನೆಗೆ ಉಳಿದ ಗಗನಸಖಿ ಹೊಗೆ ಕುಡಿದು ಆಸ್ಪತ್ರೆಯಲ್ಲಿದ್ದಾಳೆ. ನಿನ್ನದೇ ವಯಸ್ಸು.

ಅಳಿಯಂದಿರು ತಮ್ಮ ಹೇಳಿಕೆಯಲ್ಲಿ "ಮಾವ ಏನೂ ಹೇಳಲಿಲ್ಲ" ಎಂದು ಬರೆದುಕೊಟ್ಟಿದ್ದಾರೆ. ನಾನು ಹೇಳಿದೆ ಎಂದು ಬರೆದುಕೊಟ್ಟಿದ್ದೇನೆ. ಜೂನ್‌ನಲ್ಲಿ ವಿಚಾರಣೆಯಂತೆ.

ಅಲ್ಲಿ ನಿನ್ನ ಭಾವನವರ ಮನೆಯ ಮೆಟ್ಟಿಲು ಕಡಿದಾಗಿದೆ, ಹುಷಾರು. ರಾತ್ರಿ ಸ್ವೆಟರ್ ಹಾಕಿಕೋ.

ನಿನ್ನ ಅಪ್ಪ


ಫೆಬ್ರವರಿ 21

ಅಪ್ಪ,

ಹರಿದು ಹಾಕಲಿಲ್ಲ. ಓದಿದೆ. ಅದಕ್ಕೇ ಮೈಯೆಲ್ಲ ಉರಿಯುತ್ತಿದೆ.

ಇವರು ಊಟ ಬಿಟ್ಟಿದ್ದಾರೆ. ತಮ್ಮ ಅಣ್ಣನ ಮೋಟಾರ್ ರಿಪೇರಿ ಅಂಗಡಿಯ ಮೂಲೆಯಲ್ಲಿ ಕೂತು ಸುಟ್ಟ ತಂತಿ ಸುತ್ತುತ್ತಾರೆ, ಸಂಜೆ ಬಂದು ಗೋಡೆ ನೋಡುತ್ತಾರೆ. "ನಿಮ್ಮಪ್ಪ ಹೇಳಿದ್ದಿದ್ರೆ ನಾನು ಯಾಕೆ ಸಹಿ ಹಾಕ್ತಿದ್ದೆ? ನನಗೇನು ಹುಚ್ಚಾ?" ಅನ್ನುತ್ತಾರೆ. ನಾನು ಯಾರನ್ನು ನಂಬಲಿ? ನೀನು ಸುಳ್ಳು ಹೇಳುವವನಲ್ಲ. ಇವರೂ ಅಲ್ಲ.

ಇಲ್ಲಿನ ವಕೀಲರನ್ನು ಕಂಡು ಬಂದೆವು. ಲ್ಯಾಚ್ ಹಾಕಿಲ್ಲ ಎಂದು ತಿಳಿಸಿದ ಮೇಲೂ ಸಹಿ ಹಾಕಿದ್ದಾರೆ ಎಂದು ತೀರ್ಮಾನವಾದರೆ ಇವರ ಲೈಸೆನ್ಸ್ ಜೀವಮಾನಕ್ಕೆ ಹೋಯಿತು. ತಿಳಿಸಿರಲಿಲ್ಲ ಎಂದಾದರೆ ಕೆಲವು ತಿಂಗಳು ಅಮಾನತು, ಅಷ್ಟೇ. ಇವರಿಗೆ ಇನ್ನೂ ಮೂವತ್ತನಾಲ್ಕು. ವಿಮಾನ ಬಿಟ್ಟರೆ ಇನ್ನೊಂದು ಕೆಲಸ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ. ನೀನು ಈ ವರ್ಷದ ಕೊನೆಗೆ ರಿಟೈರ್ ಆಗುವವನು.

ಕೇಳುವುದು ತಪ್ಪು ಅಂತ ಗೊತ್ತಿದ್ದೇ ಕೇಳುತ್ತಿದ್ದೇನೆ. ವಿಚಾರಣೆಯಲ್ಲಿ "ಹೇಳಿದೆ ಅಂದುಕೊಂಡಿದ್ದೆ, ಹೇಳಿರಲಿಲ್ಲ" ಎಂದುಬಿಡು. ವಯಸ್ಸಾಯಿತು, ಮರೆವು ಎಂದುಬಿಡು. ನಿಜವಾಗಿಯೂ ಮರೆತಿರಬಹುದಲ್ಲ? ಅಂದು ಮನೆಗೆ ಬಂದ ಮೇಲೂ ನೀನು ಎಂದಿನ ಹಾಗೆಯೇ ಅದೂ ಇದೂ ಮಾತಾಡುತ್ತಾ ಓಡಾಡಿದೆ. ನಾನು ಇಸ್ತ್ರಿ ಮಾಡುತ್ತಿದ್ದೆ. ಕೆಲಸ ಅರ್ಧ ಬಿಟ್ಟು ಬಂದವನ ಹಾಗೆ ನೀನು ಕಾಣಲಿಲ್ಲ.

ಇನ್ನೊಂದು ವಿಷಯ. ಆಗಸ್ಟ್‌ನಲ್ಲಿ ನೀನು ತಾತ ಆಗುತ್ತೀ. ಇದನ್ನು ಹೀಗೆ ತಿಳಿಸಬೇಕಾಗಿ ಬಂತಲ್ಲ ಎಂದು ಅಳು ಬರುತ್ತಿದೆ.

ನಿನ್ನ ಮಗಳು


ಮಾರ್ಚ್ 9

ಪುಟ್ಟೀ,

ಕೊನೆಯ ಸಾಲುಗಳನ್ನು ಎಷ್ಟು ಸಲ ಓದಿದೆನೋ. ನಿನ್ನ ಅಮ್ಮ ಇದ್ದಿದ್ದರೆ ಈ ಹೊತ್ತಿಗೆ ಬಸ್ಸು ಹತ್ತಿರುತ್ತಿದ್ದಳು. ನಾನು ಪಕ್ಕದ ಮನೆಯವರಿಗೆ ಹೇಳಲು ಹೋಗಿ ಬಾಗಿಲು ತಟ್ಟದೆ ವಾಪಸು ಬಂದೆ. ಈ ಕ್ವಾರ್ಟರ್ಸಿನಲ್ಲಿ ಈಗ ನನ್ನನ್ನು ಕಂಡರೆ ಎಲ್ಲರಿಗೂ ಏನೋ ಅರ್ಜೆಂಟ್ ಕೆಲಸ ನೆನಪಾಗುತ್ತದೆ.

ನೀನು ಕೇಳಿದ್ದು ನನ್ನಿಂದಾಗದು.

ಸಿಟ್ಟಾಗುವ ಮೊದಲು ಪೂರ್ತಿ ಓದು. ನಾನು ಹರಿಶ್ಚಂದ್ರನ ವಂಶದವನಲ್ಲ. ತರಕಾರಿಯವನ ಹತ್ತಿರ, ಸಂಬಂಧಿಕರ ಹತ್ತಿರ ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಆದರೆ ವಿಮಾನ ಕೆಟ್ಟಾಗ ಹೇಳುವ ಸುಳ್ಳು ಬೇರೆ. ಹೇಳಲಿಲ್ಲ ಎಂದರೆ ವಿಚಾರಣೆಯವರು ಏನು ಬರೆದುಕೊಳ್ಳುತ್ತಾರೆ? ಮುದುಕ ಮರೆತ, ಮುದುಕನನ್ನು ಮನೆಗೆ ಕಳಿಸಿ, ಮುಗಿಯಿತು. ಗೇಟಿನಲ್ಲಿ ಕೀ ಜೊತೆ ಕೆಲಸ ಒಪ್ಪಿಸುವುದು ಹಾಗೇ ನಡೆಯುತ್ತದೆ. ಹೀಗೆ ಒಪ್ಪಿಸುವವರು ನಾವಿಬ್ಬರೇ ಅಲ್ಲ, ಅಣ್ಣ ತಮ್ಮ ಇದ್ದಾರೆ, ಗಂಡ ಹೆಂಡತಿ ಇದ್ದಾರೆ, ಸ್ನೇಹಿತರಿದ್ದಾರೆ. ಹೇಳಿಯೂ ಹೀಗಾಯಿತು ಎಂದರೆ ಮಾತ್ರ ಯಾಕೆ ಎಂದು ಕೇಳುತ್ತಾರೆ. ನನಗೂ ಆ ಯಾಕೆ ಬೇಕು.

ಕಳೆದ ವಾರ ಆಸ್ಪತ್ರೆಗೆ ಹೋಗಿದ್ದೆ. ಹೋಗಬಾರದೆಂದು ಯೂನಿಯನ್ನಿನವರು ಹೇಳಿದ್ದರು. ಆ ಹುಡುಗಿಯ ತಾಯಿ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದರು. ಯಾರು ಎಂದು ಕೇಳಿದರು. ಏರ್‌ಪೋರ್ಟಿನವನು ಅಂದೆ. ಅಷ್ಟೇ ಸಾಕಾಯಿತು, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. "ಮಗಳಿಗೆ ಒಂದು ಸೈಜ್ ಚಿಕ್ಕ ಶೂ ಕೊಟ್ಟಿದ್ರು ನೋಡಿ, ದಿನಾ ಕಾಲಿಗೆ ನೀರು ಕಾಯಿಸಿಕೊಡ್ತಿದ್ದೆ. ನೀವು ಸ್ವಲ್ಪ ಹೇಳಿ ಬದಲಾಯಿಸಿ ಕೊಡಿಸ್ತೀರಾ, ಅವಳು ಎದ್ದು ಓಡಾಡೋ ಹೊತ್ತಿಗೆ?" ಅಂದರು. ಕೊಡಿಸುತ್ತೇನೆ ಅಂದೆ. ಗಾಜಿನಾಚೆ ಅವಳ ಮುಖಕ್ಕೆ ಕೊಳವೆ ಹಾಕಿದ್ದರು. ಬಸ್ಸಿಗೂ ಕಾಯದೆ ನಡೆದುಕೊಂಡೇ ಮನೆಗೆ ಬಂದೆ.

ಅಳಿಯಂದಿರಿಗೆ ಊಟ ಮಾಡಲು ಹೇಳು. ನಾನು ಹೇಳಿದೆ ಎನ್ನಬೇಡ, ಅದಕ್ಕೂ ಬಿಟ್ಟಾರು. ನೀನು ಹುಳಿ ತಿನ್ನುವುದು ಕಡಿಮೆ ಮಾಡು. ಡಾಕ್ಟರ್ ಕೊಟ್ಟ ಮಾತ್ರೆಯನ್ನು ಬಿಡಬೇಡ ಎಂದು ಔಷಧಿ ಅಂಗಡಿಯವಳಿಗೆ ನಾನು ಹೇಳುವುದು ಹಾಸ್ಯಾಸ್ಪದ, ಆದರೂ ಹೇಳುತ್ತೇನೆ.

ನಿನ್ನ ಅಪ್ಪ


ಏಪ್ರಿಲ್ 17

ಮಾವನವರಿಗೆ ನಮಸ್ಕಾರ.

ನಾನು ಬರೆಯುವವನಲ್ಲ, ನಿಮಗೆ ಗೊತ್ತು. ಇದನ್ನು ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅವಳಿಗೆ ಗೊತ್ತಿಲ್ಲ.

ನೀವು ಅವಳಿಗೆ ಬರೆದ ಕಾಗದ ಓದಿದೆ. ಮೇಜಿನ ಮೇಲೇ ಇಟ್ಟಿದ್ದಳು, ನಾನು ಓದಲಿ ಎಂದೇ ಇಟ್ಟಿರಬಹುದು. "ನನಗೂ ಆ ಯಾಕೆ ಬೇಕು" ಎಂದು ಬರೆದಿದ್ದೀರಿ. ಆ ಮಾತು ತಲೆಯಿಂದ ಹೋಗಲೊಲ್ಲದು. ಅದಕ್ಕೇ ಈ ಕಾಗದ.

ನೀವು ಹೇಳಲಿಲ್ಲ ಎಂದು ನಾನು ಬರೆದುಕೊಟ್ಟಾಗ ಸುಳ್ಳು ಎಂದು ತಿಳಿದು ಬರೆಯಲಿಲ್ಲ. ಎಷ್ಟು ಕೆದಕಿದರೂ ಆ ಮಾತು ನನ್ನ ತಲೆಯಲ್ಲಿ ಇಲ್ಲ. ಆದರೆ ನೀವು ಹೇಳಿಯೇ ಇರಬೇಕು. ಯಾಕೆಂದರೆ ನೀವು ಹೇಳದೇ ಬಿಟ್ಟ ವಿಷಯ ಯಾವುದೂ ಇಲ್ಲ.

ಮದುವೆಯಾದ ಹೊಸದರಲ್ಲಿ ನಿಮ್ಮ ಒಂದೊಂದು ಮಾತನ್ನೂ ಕೇಳುತ್ತಿದ್ದೆ. ಹೆಲ್ಮೆಟ್ ಪಟ್ಟಿ ಎಷ್ಟು ಬಿಗಿ ಇರಬೇಕು, ಕಾಲುಚೀಲ ಯಾವ ಕಡೆ ತಿರುಗಿಸಿ ಒಣಹಾಕಬೇಕು, ತುತ್ತನ್ನು ಎಷ್ಟು ಅಗಿಯಬೇಕು, ಬ್ಯಾಂಕಿನಲ್ಲಿ ಯಾವ ಕಿಟಕಿಗೆ ಹೋಗಬೇಕು. ಒಂದೆರಡು ಸಲ ಎದುರು ಮಾತಾಡಿದೆ, ನೀವು ಎರಡು ದಿನ ಮುಖ ಊದಿಸಿಕೊಂಡಿರಿ. ಅವಳು ಒಳಗೆ ಕರೆದು "ಸುಮ್ನೆ ಹೂಂ ಅಂದುಬಿಡಿ, ನಾವೆಲ್ಲ ಅಷ್ಟೇ ಮಾಡೋದು" ಅಂದಳು. ಅಂದಿನಿಂದ ಹೂಂ ಅನ್ನುತ್ತೇನೆ. ನೀವು ಬಾಯಿ ತೆರೆದ ಕೂಡಲೇ ನನ್ನ ಕಿವಿ ಮುಚ್ಚುತ್ತದೆ, ಮಾವ. ಬೇಕೆಂದು ಮಾಡುವುದಲ್ಲ. ಅಂದು ಗೇಟಿನಲ್ಲಿ ನಿಮ್ಮ ಬಾಯಿ ಆಡುತ್ತಿದ್ದದ್ದು ನೆನಪಿದೆ. ಗ್ಯಾಸ್ ಬುಕ್ ಮಾಡುವುದು ಅಂತಲೋ ಏನೋ ಬಂತು. ನಾನು ಹೂಂ ಅಂದೆ.

ವಿಚಾರಣೆಯಲ್ಲಿ ಇದನ್ನು ಹೇಗೆ ಹೇಳಲಿ? ಮಾವನ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳುವುದೇ ಇಲ್ಲ ಎಂದು ಅಷ್ಟು ಜನರೆದುರು? ಹೇಳಿದರೂ ನನ್ನ ಲೈಸೆನ್ಸ್ ಉಳಿಯುವುದಿಲ್ಲ. ನಿಮ್ಮ ಮಗಳಿಗೂ ಇದನ್ನು ಹೇಳಿಲ್ಲ. ನೀವು ಹೇಳಿಲ್ಲ ಎಂದೇ ವಾದಿಸುತ್ತಿದ್ದೇನೆ.

ನಿಮಗೆ ನೋವಾಗುತ್ತದೆ. ಗೊತ್ತು. ಕ್ಷಮಿಸಿ ಎಂದು ಬರೆದರೆ ಸಾಲದು.

ನಿಮ್ಮ ಅಳಿಯ


ಮೇ 3

ಅಳಿಯಂದಿರಿಗೆ,

ನಿಮ್ಮ ಅಂಗಡಿಯ ವಿಳಾಸಕ್ಕೇ ಕಳಿಸುತ್ತಿದ್ದೇನೆ. ಓದಿ ಸುಟ್ಟುಬಿಡಿ.

ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ನಿಮ್ಮನ್ನು ನೀನು ಅನ್ನುತ್ತಿದ್ದೆ, ಮನೆಯಲ್ಲಿ ನೀವು. ಗೇಟಿನಲ್ಲಿ ಯಾವುದು ಎಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಹೊರಗೆ ನಿಂತಿದ್ದೇವೆ, ಸ್ಕೂಟರ್ ಮನೆಯದು, ಕೆಲಸ ಕಂಪನಿಯದು. ಗ್ಯಾಸೂ ಹೇಳುತ್ತಿದ್ದೆ, ಲ್ಯಾಚೂ ಹೇಳುತ್ತಿದ್ದೆ, ಒಂದೇ ಉಸಿರಿನಲ್ಲಿ.

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು. ಕಾಲುಚೀಲದ ಹತ್ತಿರ ಬಂದಾಗ ನಗು ಬಂತು. ಆಮೇಲೆ ಎರಡೂ ಹೋಗಿ ಬರೀ ಸುಸ್ತು ಉಳಿಯಿತು. ನಿಮಗೆ ಹೊಸದಾಗಿ ತಿಳಿಸುವ ವಿಷಯ ಇದೆ: ಇದು ನನಗೆ ಗೊತ್ತಿತ್ತು. ಮಾತು ಕೇಳುವವರ ಮುಖ ಹೇಗಿರುತ್ತದೆ, ಹೂಂ ಅನ್ನುವವರ ಮುಖ ಹೇಗಿರುತ್ತದೆ ಎಂದು ತಿಳಿಯದಷ್ಟು ದಡ್ಡನಲ್ಲ ನಾನು. ಹೆಂಡತಿ ಹೋದ ಮೇಲೆ ಮನೆ ತುಂಬ ಮಾತಾಡುವವನು ನಾನೊಬ್ಬನೇ ಆದೆ. ನಿಲ್ಲಿಸಿದರೆ ಮನೆ ಬಿಕೋ ಅನ್ನುತ್ತಿತ್ತು. ನೀವು ಹೂಂ ಅಂದರೆ ಅಷ್ಟೇ ಸಾಕಾಗುತ್ತಿತ್ತು.

ಅಂದು ಗೇಟಿನಲ್ಲೂ ನನ್ನ ಮಾತು ನಿಮಗೆ ನಾಟಲಿಲ್ಲ ಎಂದು ಅನ್ನಿಸಿತು. ಸ್ಕೂಟರ್ ಹತ್ತಿದ ಮೇಲೂ ಮನಸ್ಸು ಕೊರೆಯುತ್ತಿತ್ತು. ತಿರುಗಿ ಬಂದು ಇನ್ನೊಮ್ಮೆ ಹೇಳಿದರೆ, "ನೀನು ಕೇಳಲಿಲ್ಲ" ಎಂದು ಅಳಿಯನ ಮುಖಕ್ಕೆ ಹೇಳಿದಂತೆ ಆಗುತ್ತಿತ್ತು. ಬಿಂಕ ಅಡ್ಡ ಬಂತು. ಮನೆಗೆ ಹೋದೆ. ಅಲ್ಲಿ ನಡೆದದ್ದನ್ನು ನಿಮಗೊಬ್ಬರಿಗೇ ಹೇಳುತ್ತಿದ್ದೇನೆ. ಕೈತೊಳೆದು ಬಂದು, ಇಸ್ತ್ರಿ ಮಾಡುತ್ತಿದ್ದ ನಿಮ್ಮ ಹೆಂಡತಿಗೆ ಹೇಳಿದೆ. "ಬಲಗಡೆ ಮುಚ್ಚಳಕ್ಕೆ ಲ್ಯಾಚ್ ಹಾಕಿಲ್ಲಮ್ಮ. ನಿನ್ನ ಗಂಡನಿಗೆ ಒಂದು ಫೋನ್ ಮಾಡಿ ನೆನಪು ಮಾಡ್ಬಿಡು, ನಾನು ಮಾಡಿದ್ರೆ ಚೆನ್ನಾಗಿರಲ್ಲ" ಅಂದೆ. "ಹೂಂ ಅಪ್ಪ" ಅಂದಳು. ತಲೆ ಎತ್ತಲಿಲ್ಲ. ವಿಮಾನ ಹಾರುವುದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಅವಳಿಗೆ ಅದು ನೆನಪಿಲ್ಲ. ಮನೆ ಬಿಟ್ಟು ಹೊರಟ ದಿನ ಬಾಗಿಲಲ್ಲಿ ನಿಂತು ನನ್ನನ್ನು ಪ್ರಶ್ನೆ ಕೇಳಿದಾಗ ಅವಳ ಮುಖ ನೋಡಿದೆ. ಒಂದಿಷ್ಟೂ ನೆನಪಿಲ್ಲ. ಇರದೇ ಇರಲಿ. ಎಷ್ಟೇ ಜಗಳವಾದರೂ, ಸಿಟ್ಟಿನ ಭರದಲ್ಲಿ ಕೂಡ, ಇದು ನಿಮ್ಮ ಬಾಯಿಂದ ಬರಬಾರದು. ಕೇಳದ ಪ್ರಶ್ನೆಗೂ ಉತ್ತರ ಕೊಡುವ ಚಾಳಿ ನನ್ನದು. ವಿಚಾರಣೆಯ ದಿನ ಅದೊಂದನ್ನು ಬಿಡುತ್ತೇನೆ.

ಯಾಕೆಂದರೆ ಆ ಹುಡುಗಿ ಹೋಗಿಬಿಟ್ಟಳು. ಪೇಪರಿನಲ್ಲಿ ಸಣ್ಣದಾಗಿ ಬಂದಿತ್ತಂತೆ, ನಾನು ನೋಡಿರಲಿಲ್ಲ. ಮೊನ್ನೆ ಶೂ ಕಟ್ಟಿಸಿಕೊಂಡು ಆಸ್ಪತ್ರೆಗೆ ಹೋದೆ. ಗಾಜಿನಾಚೆ ಯಾರೋ ಮುದುಕರು ಮಲಗಿದ್ದರು.

ನಿಮ್ಮ ಮಾವ


ಮೇ 12

ಮಾವನವರಿಗೆ,

ಸುಟ್ಟೆ. ಹೇಳುವುದಿಲ್ಲ.

ನಿಮ್ಮ ಮಗಳ ಕೈಯಲ್ಲಿ ಪೇಪರ್ ಇತ್ತು, ಆ ಹುಡುಗಿಯ ಸುದ್ದಿ ಓದಿ ಇಡೀ ದಿನ ವಾಂತಿ ಮಾಡಿಕೊಂಡಳು. "ಅಪ್ಪ ಒಂದು ಮಾತು ಹೇಳಿದ್ದಿದ್ರೆ ಅವಳು ಬದುಕ್ತಿದ್ಲು" ಅಂದಳು. ನಾನು ಎದ್ದು ಹೊರಗೆ ಹೋದೆ.

ನಿಮ್ಮ ಅಳಿಯ


ಮೇ 27

ಅಪ್ಪ,

ಇದು ಕೊನೆಯ ಸಲ ಕೇಳುವುದು. ಇವರು ಇತ್ತೀಚೆಗೆ ನಿನ್ನ ಮೇಲೆ ಕೂಗಾಡುವುದನ್ನೂ ಬಿಟ್ಟಿದ್ದಾರೆ. "ನಿಮ್ಮಪ್ಪ ಏನು ಬೇಕಾದ್ರೂ ಹೇಳ್ಲಿ ಬಿಡು" ಅನ್ನುತ್ತಾರೆ. ಕೈಚೆಲ್ಲಿ ಕೂತಿದ್ದಾರೆ. ಕೂಗಾಡುತ್ತಿದ್ದಾಗಲೇ ವಾಸಿ ಇತ್ತು.

ನಮ್ಮ ಔಷಧಿ ಅಂಗಡಿಯಲ್ಲಿ ಡಾಕ್ಟರ ಚೀಟಿ ಅರ್ಥವಾಗದಿದ್ದರೆ ಎಷ್ಟು ಬೈದರೂ ಫೋನ್ ಮಾಡಿ ಮತ್ತೆ ಕೇಳುತ್ತೇವೆ. ಇವರೂ ಹಾಗೇ ಮತ್ತೆ ಕೇಳಬಹುದಿತ್ತು ಎಂದು ನನಗೂ ಒಮ್ಮೊಮ್ಮೆ ಅನ್ನಿಸುತ್ತದೆ. ಅನ್ನಿಸಿದ ಕೂಡಲೇ ಬೇರೆ ಕೆಲಸ ಹಚ್ಚಿಕೊಳ್ಳುತ್ತೇನೆ. ನನಗೆ ಬೇಕಾಗಿರುವುದು ನನ್ನ ಗಂಡ ಮತ್ತೆ ಮನುಷ್ಯನಂತಾಗುವುದು. ನೀನು ಅಲ್ಲಿ ನಿಂತು "ಹೇಳಿದೆ" ಅಂದರೆ, ಮಗು ಹುಟ್ಟಿದ ಮೇಲೂ ನಾನು ಆ ಮನೆ ಮೆಟ್ಟಿಲು ಹತ್ತುವುದಿಲ್ಲ. ಬೆದರಿಕೆ ಅಂದುಕೋ, ಬೇಡಿಕೊಂಡಳು ಅಂದುಕೋ.

ಮಗಳು


ಜೂನ್ 19

ಮಗಳೇ,

ನಿನ್ನೆ ವಿಚಾರಣೆ ಮುಗಿಯಿತು. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ತಿಳಿಯಲಿ.

ಉದ್ದನೆಯ ಕೋಣೆ, ಫ್ಯಾನು ಇತ್ತು, ಗಾಳಿ ಇರಲಿಲ್ಲ. ಬೆಳಿಗ್ಗೆ ಅಳಿಯಂದಿರನ್ನು ಕೇಳಿದರು. "ಮಾವ ಹೇಳಿದ್ದು ನೆನಪಿಲ್ಲ" ಅಂದರು. ಹೇಳಲಿಲ್ಲ ಎನ್ನಲಿಲ್ಲ, ನೆನಪಿಲ್ಲ ಅಂದರು. ಬಹಳ ಇಳಿದುಹೋಗಿದ್ದಾರೆ, ಅಂಗಿ ಗೂಟಕ್ಕೆ ಹಾಕಿದ ಹಾಗೆ ನೇತಾಡುತ್ತಿತ್ತು. ಊಟದ ನಂತರ ನನ್ನ ಸರದಿ.

"ಲ್ಯಾಚ್ ಹಾಕಿಲ್ಲ ಅಂತ ಅಳಿಯನಿಗೆ ಹೇಳಿದ್ರಾ?" ಎಂದು ಅಧಿಕಾರಿ ಕೇಳಿದರು.

"ಹೇಳಿದೆ."

"ಅವರೇನಂದ್ರು?"

"ಹೂಂ ಮಾವ ಅಂದ್ರು."

"ಅಂದ್ರೆ ಕೇಳಿಸಿಕೊಂಡ್ರು."

"ಇಲ್ಲ ಸಾರ್. ಕೇಳಿಸಿಕೊಂಡಿರಲಿಲ್ಲ. ಅದು ನನಗೆ ಗೊತ್ತಿತ್ತು."

ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿದರು. ಗೊತ್ತಿದ್ದೂ ಸ್ಕೂಟರ್ ಹತ್ತಿ ಹೋದಿರಾ ಎಂದು ಕೇಳಿದರು. ಹೋದೆ ಅಂದೆ. ಯಾಕೆ ಅಂದರು. ಆಗ ಹೇಳಿದೆ ಪುಟ್ಟೀ. ಎಷ್ಟೋ ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದೆ, ಆದರೂ ನಾಲಿಗೆ ತೊದಲಿತು. "ಮನೇಲಿ ನಾನು ಜಾಸ್ತಿ ಮಾತಾಡ್ತೀನಿ ಸಾರ್. ಯಾರೂ ಕೇಳಲ್ಲ. ಹೂಂ ಅಂತಾರೆ. ನನಗೂ ಅಷ್ಟೇ ಸಾಕು ಅನ್ನಿಸ್ತಿತ್ತು. ಅದೇ ಅಭ್ಯಾಸ ಕೆಲಸಕ್ಕೂ ಬಂತು. ಕೆಂಪು ಪಟ್ಟಿ ಹಾಕಿದ್ರೆ ಅದಕ್ಕೆ ಯಾರೂ ಹೂಂ ಅಂದು ಸುಮ್ನಾಗೋಕಾಗಲ್ಲ. ನಾನು ಹಾಕಲಿಲ್ಲ. ಅಳಿಯನಿಗೆ ಎರಡು ಸಲ ಹೇಳೋದು ಮರ್ಯಾದೆ ಅಲ್ಲ ಅಂತ ಬಿಟ್ಟೆ. ಕೇಳಿಲ್ಲ ಅಂತ ಗೊತ್ತಿದ್ದೂ ಹೋದ್ರೆ ಅದು ಹೇಳಿದ ಹಾಗಲ್ಲ."

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಅಳಿಯಂದಿರು ತಲೆ ತಗ್ಗಿಸಿ ಕೂತಿದ್ದರು. ಆ ಹುಡುಗಿಯ ತಾಯಿಯೂ ಬಂದಿದ್ದರು. ನನ್ನನ್ನು ಗುರುತು ಹಿಡಿದರು. ಹೊರಗೆ ಬರುವಾಗ ಎದುರಾದರು. ಏನೋ ಅನ್ನುತ್ತಾರೆ ಎಂದು ನಿಂತೆ. ಅನ್ನಲಿಲ್ಲ, ಸೆರಗು ಸರಿಮಾಡಿಕೊಂಡು ಪಕ್ಕದಿಂದ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಬೇರೇನಾದರೂ ಹೇಳುವುದಿದೆಯೇ ಎಂದು ಕೊನೆಗೆ ಕೇಳಿದ್ದರು. ಇಲ್ಲ ಅಂದೆ.

ನೀನು ಕೇಳಿದಂತೆ ನಡೆದುಕೊಳ್ಳಲಿಲ್ಲ. ಮೆಟ್ಟಿಲು ಹತ್ತುವುದಿಲ್ಲ ಎಂದಿದ್ದೀ. ಹೇಗೂ ಈ ಕ್ವಾರ್ಟರ್ಸ್ ಬಿಡಬೇಕಾಗುತ್ತದೆ. ಮುಂದಿನ ಮನೆಯನ್ನು ನೆಲಮಟ್ಟದಲ್ಲೇ ನೋಡುತ್ತೇನೆ.

ನಿನ್ನ ಅಪ್ಪ


ಜುಲೈ 11

ಅಪ್ಪ,

ತೀರ್ಪಿನ ಪ್ರತಿ ನಿನಗೂ ಬಂದಿರಬೇಕು. ಇವರಿಗೆ ಒಂದು ವರ್ಷ ಅಮಾನತು, ಆಮೇಲೆ ಮತ್ತೆ ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಳ್ಳಬಹುದು. ನಿನ್ನದು ರದ್ದು. ಇನ್ನು ಮುಂದೆ ಒಂದೇ ಮನೆಯವರು ಒಬ್ಬರಿಂದೊಬ್ಬರು ಕೆಲಸ ವಹಿಸಿಕೊಳ್ಳಬಾರದಂತೆ, ಒಪ್ಪಿಸುವುದೇನಿದ್ದರೂ ವಿಮಾನದ ಪಕ್ಕದಲ್ಲೇ ನಿಂತು ಒಪ್ಪಿಸಬೇಕಂತೆ. ಇವರು ಓದಿ ಮುಗಿಸಿ, "ನಿಮ್ಮಪ್ಪ ಅಷ್ಟು ಜನರ ಮುಂದೆ ತಾವೇ ತಮ್ಮ ಮಾನ ಕಳ್ಕೊಂಡ್ರು, ನಾನು ತಲೆ ಎತ್ತೋಕಾಗಲಿಲ್ಲ" ಅಂದರು. ಆ ದಿನ ಊಟ ಬಡಿಸಿಕೊಂಡು ತಿಂದರು.

ನಾನು ನಿನ್ನ ಹೇಳಿಕೆಯನ್ನು ಓದುತ್ತಲೇ ಇದ್ದೇನೆ. "ಯಾರೂ ಕೇಳಲ್ಲ. ಹೂಂ ಅಂತಾರೆ." ಇವರಿಗೆ ಆ ಹೂಂ ಕಲಿಸಿಕೊಟ್ಟವಳು ನಾನೇ ಅಪ್ಪ. ನಿನಗೆ ಗೊತ್ತಿರುತ್ತದೆ ಎಂದು ಯಾವತ್ತೂ ಯೋಚಿಸಲಿಲ್ಲ. ಒಳಗೆ ಅಡುಗೆಮನೆಯಲ್ಲಿ ನಿಂತು ನಾವಿಬ್ಬರೂ ನಗುತ್ತಿದ್ದೆವು.

ಈಗ ಒಂದು ವಿಷಯ ಕೇಳಬೇಕು. ಮೊನ್ನೆ ಇಸ್ತ್ರಿ ಮಾಡುತ್ತಿದ್ದೆ. ಇವರ ನೀಲಿ ಅಂಗಿಯ ಕಾಲರು ಹಿಡಿದು ನಿಂತಾಗ ಏನೋ ಹೊಳೆಯಿತು. ಅಂದೂ ಅದೇ ಅಂಗಿ. ನೀನು ಕೈ ಒರೆಸಿಕೊಳ್ಳುತ್ತಾ ನನ್ನ ಹಿಂದೆ ನಿಂತಿದ್ದೆ. ಬಲಗಡೆ ಮುಚ್ಚಳ ಎಂದು ಏನೋ ಅಂದೆ. ಫೋನ್ ಮಾಡು ಎಂದು ಅಂದೆ. ಅಂದ್ಯಾ? ನಾನು ಹೂಂ ಅಂದೆನಾ? ಕಾಲರು ಸುಟ್ಟೀತು ಎಂಬ ಗಮನದಲ್ಲಿದ್ದೆ. ಇದು ನಿಜವಾಗಿ ನಡೆದದ್ದೋ, ನಿನ್ನ ಹೇಳಿಕೆ ಓದಿ ಓದಿ ನನ್ನ ತಲೆ ಕಟ್ಟಿಕೊಂಡದ್ದೋ ಗೊತ್ತಾಗುತ್ತಿಲ್ಲ. ಇವರನ್ನು ಕೇಳಿದೆ. ನನಗೇನು ಗೊತ್ತು ಎಂದು ಎದ್ದುಹೋದರು.

ನಿದ್ದೆ ಬರುತ್ತಿಲ್ಲ. ಕಣ್ಣು ಮುಚ್ಚಿದರೆ ಪೇಪರಿನಲ್ಲಿ ಬಂದ ಆ ಹುಡುಗಿಯ ಫೋಟೋ. ನೀನು ನನ್ನ ಸಲುವಾಗಿ ಕೂಡ ಸುಳ್ಳು ಹೇಳಲಿಲ್ಲ, ಅಷ್ಟು ಅತ್ತು ಕೇಳಿಕೊಂಡರೂ ಹೇಳಲಿಲ್ಲ. ಅದಕ್ಕೇ ನಿನ್ನನ್ನೇ ಕೇಳುತ್ತಿದ್ದೇನೆ. ನೀನು ಹೌದು ಅಂದರೆ ಹೌದು. ಇಲ್ಲ ಅಂದರೆ ಇಲ್ಲ ಎಂದೇ ನಂಬುತ್ತೇನೆ.

ಪುಟ್ಟಿ


ಜುಲೈ 15

ಪುಟ್ಟೀ,

ಇಲ್ಲ.

ಅಂದು ನಾನು ನಿನಗೆ ವಿಮಾನದ ಮಾತನ್ನೇ ಎತ್ತಲಿಲ್ಲ. ಬಚ್ಚಲಿನ ನಲ್ಲಿ ಸೋರುತ್ತಿದೆ ಅಂದೆ, ನೀನು ಹೂಂ ಅಂದೆ, ನಾನು ಒಳಗೆ ಹೋಗಿ ಮಲಗಿದೆ. ಅಷ್ಟೇ ನಡೆದದ್ದು. ಆ ಹೇಳಿಕೆಯನ್ನು ಇನ್ನು ಓದಬೇಡ, ಅಳಿಯಂದಿರ ಕೈಗೆ ಕೊಟ್ಟುಬಿಡು.

ಇನ್ನೇನೋ ಬರೆಯಬೇಕೆಂದು ಕೂತಿದ್ದೆ. ಹೇಳುವುದಕ್ಕೆ ಇಷ್ಟೇ ಇದೆ. ಮಲಗಿಕೋ.

ನಿನ್ನ ಅಪ್ಪ